ಎದೆಯ ಮೇಲಿನ ಬ್ಯಾಡ್ಜ್ ರಕ್ಷಣೆ ಕೊಡುತ್ತದೆಯೇ?

ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುವ ಓದುಗರೊಬ್ಬರ ಪ್ರಶ್ನೆ: ಟಿಎಲ್‌ಡಿ ಬ್ಯಾಡ್ಜ್ ಧರಿಸಿದರೆ ವಿಕಿರಣದ ಭಯವಿಲ್ಲವೇ? ಅದನ್ನು ಸೀಸದ ಏಪ್ರನ್ ಮೇಲೆ ಹಾಕಬೇಕೋ, ಒಳಗೋ?

ಬ್ಯಾಡ್ಜ್ ವಿಕಿರಣವನ್ನು ತಡೆಯುವುದಿಲ್ಲ, ಲೆಕ್ಕವಿಡುತ್ತದೆ, ಅಷ್ಟೇ.

ಭಾರತದಲ್ಲಿ ಬಳಕೆಯಲ್ಲಿರುವ ಬ್ಯಾಡ್ಜಿನೊಳಗೆ ಮೂರು ಪುಟ್ಟ ಟೆಫ್ಲಾನ್ ಬಿಲ್ಲೆಗಳಿವೆ. ಅವುಗಳಲ್ಲಿರುವ ಫಾಸ್ಫರ್, ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್. ವಿಕಿರಣ ತಗುಲಿದಾಗ ಕೆಲವು ಎಲೆಕ್ಟ್ರಾನ್‌ಗಳು ಸ್ಫಟಿಕದ ದೋಷಗಳಲ್ಲಿ ಸಿಕ್ಕಿಬೀಳುತ್ತವೆ. ಪ್ರಯೋಗಾಲಯದಲ್ಲಿ ಬಿಲ್ಲೆಯನ್ನು ಕಾಯಿಸಿದರೆ, ಸುಮಾರು 220 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅವು ಬಿಡಿಸಿಕೊಂಡು, ಆ ಶಕ್ತಿ ಬೆಳಕಾಗಿ ಹೊರಬರುತ್ತದೆ. ಬೆಳಕು ಹೆಚ್ಚಿದಷ್ಟೂ ಡೋಸ್ ಹೆಚ್ಚು. ಒಂದು ಬಿಲ್ಲೆಗೆ ಲೋಹದ ಫಿಲ್ಟರ್, ಇನ್ನೊಂದಕ್ಕೆ ಪ್ಲಾಸ್ಟಿಕ್, ಮೂರನೆಯದು ತೆರೆದೇ ಇರುತ್ತದೆ. ಮೂರನ್ನೂ ಹೋಲಿಸಿ ಬಂದದ್ದು ಎಂಥ ವಿಕಿರಣವೆಂದು ಅಂದಾಜಿಸುತ್ತಾರೆ.

ಬ್ಯಾಡ್ಜನ್ನು ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ ಧರಿಸಬೇಕು. ಕೆಲಸ ಮುಗಿದ ಮೇಲೆ ಎಕ್ಸ್-ರೇ ಕೋಣೆಯಲ್ಲೇ ಬಿಟ್ಟುಬಂದರೆ, ಮೈಗೆ ತಾಗದ ಡೋಸೂ ಹೆಸರಿಗೆ ಸೇರುತ್ತದೆ. ಬಿಸಿಲು, ಬಿಸಿಯಿಂದ ದೂರವಿಡಬೇಕು; ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಕೂಡದು.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಹೀಗಿದೆ: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ಪ್ರತಿ ವರದಿ ಬಂದಾಗಲೂ ನಿಮ್ಮ ಅಂಕಿಯನ್ನು ವಿಕಿರಣ ಸುರಕ್ಷತಾಧಿಕಾರಿಯಿಂದ ಕೇಳಿ ಬರೆದಿಟ್ಟುಕೊಳ್ಳಿ.