ಅಪರಾಧ ಶಾಸ್ತ್ರದ ವ್ಯಾಸಂಗ: ಪ್ರವೇಶಕ್ಕೆ ಮೊದಲು ಏನೇನು ಬೇಕು?

ಈಚೆಗೆ ಒಂದು ರವಿವಾರ, ಭಿವಂಡಿಯ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ತರುಣನೊಬ್ಬನು ನಮ್ಮ ವಾಚನಾಲಯಕ್ಕೆ ಬಂದು, "ಅಣ್ಣಾರ, ಮೆಟ್ರಿಕ್ ಪಾಸಾದವ ಅಪರಾಧ ಶಾಸ್ತ್ರ ಓದಬಹುದೇನ್ರಿ?" ಎಂದು ಕೇಳಿದನು. ಅವನ ಕೈಯಲ್ಲಿ ಒಂದು ಕರಪತ್ರವಿತ್ತು. ಹನ್ನೆರಡನೆಯ ತರಗತಿ ಬೇಡ, ಪದವಿ ಬೇಡ, ಒಂದೇ ವರ್ಷದಲ್ಲಿ ನೇರವಾಗಿ ಎಂ.ಎ. ಎಂದು ಅದರಲ್ಲಿ ಅಚ್ಚಾಗಿತ್ತು. ಶನಿವಾರದೊಳಗೆ ಮುಂಗಡ ಹಣ ಕಟ್ಟಬೇಕಂತೆ. ಎರಡು ತಿಂಗಳ ಪಗಾರದಷ್ಟು ಹಣ ಅದು. ಕಟ್ಟಬೇಡವೆಂದು ಹೇಳುವುದು ಸುಲಭ. ಕಟ್ಟದೆ ಏನು ಮಾಡಬೇಕೆಂಬುದನ್ನೂ ಹೇಳಬೇಕಲ್ಲ. ಅದಕ್ಕಾಗಿ ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು, ಈ ಶಾಸ್ತ್ರವೆಂದರೆ ಏನು? ಪತ್ತೇದಾರಿ ಕಾದಂಬರಿ ಓದಿ ಬಂದವರು ಇದನ್ನು ಕಳ್ಳನನ್ನು ಹಿಡಿಯುವ ವಿದ್ಯೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಈ ಕೃತ್ಯ ಅಪರಾಧವೇ, ಅದಕ್ಕೆ ಶಿಕ್ಷೆ ಎಷ್ಟು ಎಂದು ಕೇಳುವುದು ಕಾನೂನು. ಮನುಷ್ಯ ಅದನ್ನೇಕೆ ಮಾಡಿದ, ಶಿಕ್ಷೆಯಿಂದ ಅವನು ತಿದ್ದಿಕೊಂಡನೇ, ಅವನ ಹೆಂಡತಿ ಮಕ್ಕಳ ಗತಿ ಏನಾಯಿತು, ನೊಂದವನಿಗೆ ಪರಿಹಾರ ಸಿಕ್ಕಿತೇ ಎಂದು ಕೇಳುವುದು ಅಪರಾಧ ಶಾಸ್ತ್ರ. ನಮಗಿದು ದೂರದ ವಿಷಯವಲ್ಲ. ಠಾಣೆಯ ಹಳೆಯ ಕೋಟೆಯಲ್ಲಿ ಮಧ್ಯವರ್ತಿ ಕಾರಾಗೃಹವಿದೆ, ಕಲ್ಯಾಣದಲ್ಲಿ ಆಧಾರವಾಡಿ ಜೈಲಿದೆ, ನವಿ ಮುಂಬಯಿಯಲ್ಲಿ ತಳೋಜಾ ಇದೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5 ಲಕ್ಷ 73 ಸಾವಿರ ಮಂದಿಯಲ್ಲಿ ನೂರಕ್ಕೆ ಸುಮಾರು 76 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಜಾಮೀನು ಕೊಡುವವರಿಲ್ಲದೆ ಒಳಗೆ ಕುಳಿತ ಪರಊರಿನ ಕೂಲಿಯ ಮಾತನ್ನು ಅವನ ಭಾಷೆಯಲ್ಲಿ ಕೇಳಬಲ್ಲವನು ಒಬ್ಬನಿದ್ದರೆ ಎಷ್ಟು ಉಪಕಾರವಾದೀತು!

ಕಲಿಸುವ ಸ್ಥಳವೂ ಹತ್ತಿರವೇ ಉಂಟು. 1936ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಸರ್ ದೋರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸ್ಥಾಪಿತವಾದ ಸಮಾಜಕಾರ್ಯದ ಶಾಲೆಯೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1954ರಲ್ಲಿ ಅದು ದೇವನಾರಕ್ಕೆ ಬಂದಿತು. ಠಾಣೆ, ಡೊಂಬಿವಲಿ, ಕಲ್ಯಾಣದವರು ಕುರ್ಲಾದಲ್ಲಿ ಗಾಡಿ ಬದಲಿಸಿ ಗೋವಂಡಿಗೆ ಇಳಿಯಬೇಕು. ವಾಶಿಯವರಿಗೆ ಬದಲಿಸುವ ತೊಂದರೆಯೂ ಇಲ್ಲ. 1951-52ರಲ್ಲಿ ವಾಲ್ಟರ್ ರೆಕ್ಲೆಸ್ ಎಂಬ ಅಮೆರಿಕದ ಪಂಡಿತರು ವಿಶ್ವಸಂಸ್ಥೆಯ ಪರವಾಗಿ ಬಂದು ನಮ್ಮ ಸೆರೆಮನೆಗಳ ಆಡಳಿತದ ಬಗ್ಗೆ ವರದಿ ಕೊಟ್ಟರು. ಸೆರೆಮನೆ ನಡೆಸುವುದಕ್ಕೂ ಶಿಕ್ಷಣ ಬೇಕೆಂಬ ವಿಚಾರ ಆ ಕಾಲದಲ್ಲಿ ಬಲಗೊಂಡಿತು. 1959ರಲ್ಲಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯ ಈ ಶಾಸ್ತ್ರಕ್ಕೆ ವಿಭಾಗವನ್ನೇ ತೆರೆಯಿತು. ದೇವನಾರದ ಸಂಸ್ಥೆಯು 1990ರಲ್ಲಿ ಆರಂಭಿಸಿದ 'ಪ್ರಯಾಸ್' ಯೋಜನೆಯ ಕಾರ್ಯಕರ್ತರು ಮುಂಬಯಿ, ಠಾಣೆ ಕಡೆಯ ಸೆರೆಮನೆಗಳೊಳಗೆ ಹೋಗಿ ಕೆಲಸ ಮಾಡಿದ್ದಾರೆ.

ಇನ್ನು ಪ್ರವೇಶದ ಮಾತು. ದೇವನಾರದ ಎಂ.ಎ. ಪ್ರವೇಶಕ್ಕೆ ಕಾನೂನಿನ ಪದವಿಯೇ ಬೇಕೆಂದಿಲ್ಲ, ಮನಃಶಾಸ್ತ್ರವೇ ಬೇಕೆಂದೂ ಇಲ್ಲ. ಮಾನ್ಯ ವಿಶ್ವವಿದ್ಯಾಲಯದ ಯಾವುದೇ ವಿಷಯದ ಪದವಿ ನಡೆಯುತ್ತದೆ, ಬಿ.ಕಾಂ. ಆದ ಗುಮಾಸ್ತನೂ ಅರ್ಜಿ ಹಾಕಬಹುದು. ಆದರೆ ಪದವಿಯ ಹಿಂದೆ ಒಟ್ಟು 15 ವರ್ಷದ ಕ್ರಮಬದ್ಧ ಶಿಕ್ಷಣ ಇರಬೇಕು: ಹತ್ತು, ಅದರ ಮೇಲೆ ಎರಡು, ಅದರ ಮೇಲೆ ಮೂರು. ಹಿಂದೆ ಕೆಲವು ಕಡೆ ಎರಡೇ ವರ್ಷದ ಪದವಿ ಇತ್ತಷ್ಟೆ. ಅಂಥವರು ಒಂದು ವರ್ಷದ ಸೇತುವೆ ತರಗತಿ ಮುಗಿಸಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವ ನಿಯಮವನ್ನೂ ಸಂಸ್ಥೆ ಇಟ್ಟಿತ್ತು. ಪೂರ್ವತಯಾರಿ ಎಂಬುದರ ನಿಜವಾದ ಅರ್ಥ ಇದು. ಕಡಿಮೆ ಬಿದ್ದ ಮೆಟ್ಟಿಲನ್ನು ಕಟ್ಟಿಕೊಡುವುದು ಸೇತುವೆ. ಮೆಟ್ಟಿಲನ್ನೇ ಹಾರಿಸುತ್ತೇವೆ ಎನ್ನುವುದು ಬೇರೆ ವ್ಯಾಪಾರ.

ಆ ವ್ಯಾಪಾರದ ಗತಿ ಏನಾಯಿತೆಂಬುದಕ್ಕೆ 2009ರ ಸುಪ್ರೀಂ ಕೋರ್ಟಿನ ತೀರ್ಪು ನೋಡಬೇಕು. ಮೊದಲ ಪದವಿಯೇ ಇಲ್ಲದೆ, ಅಣ್ಣಾಮಲೈ ವಿಶ್ವವಿದ್ಯಾಲಯದ ಮುಕ್ತ ಪದ್ಧತಿಯಲ್ಲಿ ನೇರವಾಗಿ ಪಡೆದ ಎಂ.ಎ. ಸಿಂಧುವಲ್ಲವೆಂದು ನ್ಯಾಯಾಲಯ ಹೇಳಿತು. ವಿಶ್ವವಿದ್ಯಾಲಯ ನಿಜವಾದದ್ದು, ಪರೀಕ್ಷೆಯೂ ನಡೆದಿತ್ತು. ಆದರೂ ಕೆಳಗಿನ ಮೆಟ್ಟಿಲು ಇಲ್ಲದ್ದರಿಂದ ಮೇಲಿನದು ನಿಲ್ಲಲಿಲ್ಲ. ಹೀಗಿರುವಾಗ ಬಾಡಿಗೆ ಕೋಣೆಯಲ್ಲಿ ಮೇಜು ಹಾಕಿಕೊಂಡವರ ಕಾಗದಕ್ಕೆ ಬೆಲೆ ಎಲ್ಲಿಂದ ಬರಬೇಕು? ನಾನೂ ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಇಂಥದೇ ಒಂದು ಕ್ಲಾಸಿಗೆ ಹಣ ಕಟ್ಟಿ ಬಂದವನು. ಆರು ತಿಂಗಳ ಮೇಲೆ ಹೋದರೆ ಬಾಗಿಲಿಗೆ ಬೀಗ. ಗಿರಣಿಯ ಸೊಸಾಯಟಿಯಿಂದ ತಂದ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಓದಿನ ಆಸೆ ಅಲ್ಲಿಗೇ ನಿಂತಿತು.

ಮೆಟ್ರಿಕ್ ಅಂದರೆ ಎಸ್.ಎಸ್.ಎಲ್.ಸಿ. ಅಥವಾ ಎಸ್.ಎಸ್.ಸಿ. ಆದವರಿಗೆ ಹನ್ನೆರಡನೆಯದೇ ಮುಂದಿನ ಮೆಟ್ಟಿಲು. ದಿನದ ಕಾಲೇಜಿಗೆ ಹೋಗಲಾರದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 1989ರಲ್ಲಿ ಆರಂಭವಾದದ್ದು, ಎನ್.ಐ.ಓ.ಎಸ್. ಎಂದರೆ ಎಲ್ಲರಿಗೂ ತಿಳಿಯುತ್ತದೆ. ವಯಸ್ಸಿಗೆ ಮೇಲಿನ ಮಿತಿ ಇಲ್ಲ. ಐದು ವಿಷಯ ಸಾಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಮ್ಮೆ ಹೆಸರು ನೋಂದಿಸಿದರೆ ಐದು ವರ್ಷದ ಅವಧಿ ಸಿಗುತ್ತದೆ; ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಪಾಳಿಯ ಕೆಲಸದವರಿಗೆ ಇದಕ್ಕಿಂತ ಅನುಕೂಲದ ದಾರಿ ನನಗೆ ಕಾಣಲಿಲ್ಲ.

ವಿಷಯ ಆರಿಸುವಾಗ ಒಂದು ಎಚ್ಚರ. ಅಪರಾಧ ಶಾಸ್ತ್ರವೇ ಬೇರೆ, ನ್ಯಾಯ ವಿಜ್ಞಾನವೇ ಬೇರೆ. ರಕ್ತ, ಬೆರಳಚ್ಚು, ವಿಷ ಇವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ನ್ಯಾಯ ವಿಜ್ಞಾನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ಅಂಥ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೇಳುತ್ತದೆ. ರಾಜ್ಯಗಳು ಇದನ್ನು ಜಾರಿಗೆ ತರಲು ಐದು ವರ್ಷದ ಅವಕಾಶವಿದೆ. ಆದ್ದರಿಂದ ತರುಣರ ಕಣ್ಣು ಈಗ ಆ ಕಡೆ. ಆದರೆ ಆ ದಾರಿಗೆ ವಿಜ್ಞಾನದ ಓದು ಬೇಕು. ಕಲೆ, ವಾಣಿಜ್ಯ ತೆಗೆದುಕೊಂಡವನಿಗೆ ಅಪರಾಧ ಶಾಸ್ತ್ರದ ಬಾಗಿಲು ತೆರೆದಿರುತ್ತದೆ, ಪ್ರಯೋಗಾಲಯದ ಬಾಗಿಲು ತೆರೆದಿರುವುದಿಲ್ಲ.

ಪದವಿಯನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಇಲ್ಲಿ ನಮ್ಮ ಕನ್ನಡಿಗರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನು ನೆನೆಯುವುದು ಸಹಜ. ಆದರೆ ರಾಜ್ಯದ ವಿಶ್ವವಿದ್ಯಾಲಯ ತನ್ನ ರಾಜ್ಯದ ಹೊರಗೆ ದೂರಶಿಕ್ಷಣದ ಕೇಂದ್ರ ನಡೆಸುವಂತಿಲ್ಲ. ಹೊರ ರಾಜ್ಯಗಳ ಕೇಂದ್ರಗಳ ವಿಷಯವೂ ಸೇರಿದ ತಕರಾರಿನಲ್ಲಿ 2012-13ರ ನಂತರ ಅದರ ಮಾನ್ಯತೆ ನಿಂತು, 2018ರಲ್ಲಿ ಮರಳಿ ಬಂದಿತು. ನಡುವೆ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಈಗ ಅದು ಮಾನ್ಯವೇ. ಠಾಣೆಯಲ್ಲಿ ಅದರ ಕೇಂದ್ರವಿದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬಾರದು. ನಮಗೆ ನಾಶಿಕದ ಯಶವಂತರಾವ್ ಚವ್ಹಾಣ ಮುಕ್ತ ವಿದ್ಯಾಪೀಠ, ಮುಂಬಯಿ ವಿದ್ಯಾಪೀಠದ ದೂರಶಿಕ್ಷಣ, ಕೇಂದ್ರದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇವು ಇವೆ. ಯಾವುದೇ ಆಗಲಿ, ಆ ವರ್ಷ ಆ ಪಾಠಕ್ರಮಕ್ಕೆ ಯು.ಜಿ.ಸಿ.ಯ ದೂರಶಿಕ್ಷಣ ಮಂಡಳಿಯ ಒಪ್ಪಿಗೆ ಇದೆಯೇ ಎಂದು ಮಂಡಳಿಯ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟತಕ್ಕದ್ದು. ಊರಿಗೆ ಮರಳುವ ಮನಸ್ಸಿದ್ದವರಿಗೆ ಧಾರವಾಡದಲ್ಲಿ ಬಿ.ಎ.ಯಲ್ಲಿಯೇ ಅಪರಾಧ ಶಾಸ್ತ್ರವನ್ನು ಐಚ್ಛಿಕವಾಗಿ ಓದುವ ಸೌಕರ್ಯವಿದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮೇಲಿನ ವ್ಯಾಸಂಗವೂ ಇದೆ. (ಆ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿ ಮರುವರ್ಷ ಧಾರವಾಡಕ್ಕೆ ಹೋಯಿತೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.)

ಕಾಗದಪತ್ರಗಳ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು, ಅದರಲ್ಲಿಯೂ ಹೆಸರಿನಲ್ಲಿ. ಊರಿನ ಸರ್ಟಿಫಿಕೇಟಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು; ಇಲ್ಲಿಯ ಅರ್ಜಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ತನ್ನ ಹೆಸರು, ಆಮೇಲೆ ತಂದೆಯ ಹೆಸರು; ಆಧಾರ್ ಕಾರ್ಡಿನಲ್ಲಿ ಮೂರನೆಯದೇ ಒಂದು ರೀತಿ. ಮೂರೂ ಒಬ್ಬನೇ ಮನುಷ್ಯನೆಂದು ಪ್ರವೇಶದ ದಿನ ರುಜುವಾತು ಮಾಡುವುದು ಕಷ್ಟ. ಹತ್ತನೆಯ ತರಗತಿಯ ಹೆಸರನ್ನೇ ಮೂಲವೆಂದು ಹಿಡಿದು ಉಳಿದವನ್ನು ಈಗಲೇ ತಿದ್ದಿಸಿಕೊಳ್ಳಬೇಕು. ಹೆಸರೇ ಬದಲಾಗಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಹಿಂದಿನ ಮಂಡಳಿಯಿಂದ ಮೈಗ್ರೇಶನ್ ಸರ್ಟಿಫಿಕೇಟು ತರಿಸಿಡಬೇಕು.

ಪರಿಶಿಷ್ಟ ಜಾತಿ, ಪಂಗಡಗಳ ಬಂಧುಗಳು ಇನ್ನೊಂದನ್ನು ಗಮನಿಸಬೇಕು. ಪರೇಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶದ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು, ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದವರಿಗೆ ಬಂದ ರಾಜ್ಯದ ಮೀಸಲು ಸ್ಥಾನ ಸಿಗದೆಂದು ತೀರ್ಮಾನಿಸಿತು. ಮೂಲ ರಾಜ್ಯದಲ್ಲಿಯೂ ಕೇಂದ್ರದ ಸೌಲಭ್ಯಗಳಲ್ಲಿಯೂ ಹಕ್ಕು ಉಳಿಯುತ್ತದೆ. ಆದ್ದರಿಂದ ಊರಿಗೆ ಹೋದಾಗ ತಹಶೀಲ್ದಾರರ ಕಚೇರಿಯ ಜಾತಿ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿಯೂ ತನ್ನ ಹೆಸರಿನಲ್ಲಿಯೂ ತೆಗೆದುಕೊಂಡು ಬರುವುದು ಒಳಿತು.

ದೇವನಾರದ ಪ್ರವೇಶಕ್ಕೆ 2023ರಿಂದ ಸಿ.ಯು.ಇ.ಟಿ.-ಪಿ.ಜಿ. ಎಂಬ ಅಖಿಲ ಭಾರತ ಪರೀಕ್ಷೆಯನ್ನು ಬಳಸಲಾರಂಭಿಸಿದರು. ಗಣಕಯಂತ್ರದ ಮುಂದೆ ಕುಳಿತು ಉತ್ತರ ಗುರುತಿಸುವುದು. ಕನ್ನಡದಲ್ಲಿ ಪ್ರಶ್ನೆ ಬರುವುದಿಲ್ಲ. ಇಂಗ್ಲಿಷಿನ ಅಭ್ಯಾಸವನ್ನು ಪದವಿಯ ಮೊದಲ ವರ್ಷದಿಂದಲೇ ಮಾಡಬೇಕು. ನಿಯಮಗಳು ವರ್ಷಕ್ಕೊಮ್ಮೆ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಿ. ಮುಚ್ಚಿಡದೆ ಇನ್ನೊಂದು ಹೇಳಬೇಕು: ಅದು ಎರಡು ವರ್ಷದ ಪೂರ್ಣವೇಳೆಯ ವ್ಯಾಸಂಗ, ಕ್ಷೇತ್ರಕಾರ್ಯವೂ ಸೇರಿದೆ. ನೌಕರಿ ಇಟ್ಟುಕೊಂಡು ಮಾಡಲಾಗದು. ಮನೆಗೆ ತಿಂಗಳು ತಿಂಗಳು ಹಣ ಕಳಿಸಬೇಕಾದವರು ಅದನ್ನು ಮೊದಲೇ ಲೆಕ್ಕ ಹಾಕಲಿ. ಅಂಥ ಪದವೀಧರರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಅಪರಾಧ ನ್ಯಾಯದ ಸ್ನಾತಕೋತ್ತರ ಡಿಪ್ಲೊಮಾದ ವಿಚಾರ ಮಾಡಬಹುದು, ಮನೆಯಲ್ಲಿಯೇ ಓದುವಂಥದು.

ದುಡ್ಡಿಲ್ಲದ ಪೂರ್ವತಯಾರಿಯೊಂದು ಉಂಟು. ನಮ್ಮ ದೇಶದ ಅಪರಾಧ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಬಾಗಿಲು ತೆರೆದೇ ವಿಚಾರಣೆ ನಡೆಯುತ್ತದೆ. ವಾರದ ರಜೆ ಸೋಮವಾರವೋ ಬುಧವಾರವೋ ಬರುವವರು ಠಾಣೆ ಇಲ್ಲವೆ ಕಲ್ಯಾಣದ ಕೋರ್ಟಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತು ಜಾಮೀನಿನ ಅರ್ಜಿಗಳನ್ನು ಕೇಳಬಹುದು. ಮೊಬೈಲು ಮಾತ್ರ ಬಂದ್ ಇರಲಿ.

ಆ ಭಿವಂಡಿಯ ತರುಣ ಮುಂಗಡ ಕಟ್ಟಲಿಲ್ಲ. ಎನ್.ಐ.ಓ.ಎಸ್. ಅರ್ಜಿಗೆ ಅವನ ಹತ್ತನೆಯ ತರಗತಿಯ ಗುಣಪತ್ರಿಕೆ ಬೇಕಾಗಿದೆ. ಅದು ಇಂಡಿ ತಾಲೂಕಿನ ಮನೆಯ ಟ್ರಂಕಿನಲ್ಲಿದೆಯಂತೆ. ತರಲು ತಮ್ಮನಿಗೆ ಹೇಳಿಕಳಿಸಿದ್ದಾನೆ. ಇಂಥದೇ ಅರ್ಜಿ ತುಂಬಬೇಕಾದವರು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಮೂಲ ಕಾಗದಗಳೊಡನೆ ಬಂದರೆ ಕೂಡಿ ಕುಳಿತು ತುಂಬೋಣ.