ಬೀಸಿದ ಕೈಗೆ ತಡವಾಗದ ಚಿತ್ರ: ಟಿವಿ ಮುಂದೆ ಮೈಯಾಡಿಸಿ ಆಡುವವರಿಗೆ ಕೆಲವು ಸೂತ್ರಗಳು

2006ರ ನವೆಂಬರ್‌ನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಕನ್ಸೋಲ್ ‘ವೀ’ ಅಮೆರಿಕದ ಅಂಗಡಿಗಳಿಗೆ ಬಂದಾಗ ಅದರ ಚಿತ್ರ ನೋಡಿ ಮೂಗು ಮುರಿದವರಿದ್ದರು. ಎದುರಾಳಿಗಳಾದ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎಚ್‌ಡಿ ಚಿತ್ರದ ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲ ಅದು. ವೀ ಕೊಡುತ್ತಿದ್ದದ್ದು ಹೆಚ್ಚೆಂದರೆ 480 ಗೆರೆಗಳ ಚಿತ್ರ. ಆದರೂ 10 ಕೋಟಿಗೂ ಹೆಚ್ಚು ವೀ ಮಾರಾಟವಾಗಿ ಆ ಎರಡನ್ನೂ ಹಿಂದೆ ಹಾಕಿತು. ರಿಮೋಟ್ ಬೀಸಿದರೆ ಪರದೆ ಮೇಲಿನ ಬೊಂಬೆಯೂ ರ್‍ಯಾಕೆಟ್ ಬೀಸುತ್ತಿತ್ತು, ಅಷ್ಟೇ. ಅಜ್ಜಿಗೂ ಹೇಳಿಕೊಡಬೇಕಾಗಿರಲಿಲ್ಲ. ಚಿತ್ರ ಮಸುಕಾಗಿದ್ದರೆ ಜನ ಸಹಿಸುತ್ತಾರೆ, ಬೀಸಿದ ಕೈಗೂ ಹಾರಿದ ಚೆಂಡಿಗೂ ನಡುವೆ ತಡವಾದರೆ ಸಹಿಸುವುದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ವೇಗ, ಆಮೇಲೆ ಜಾಗ, ಕೊನೆಗೆ ಅಂದಚೆಂದ. ಟಿವಿ ಕೊಳ್ಳುವಾಗ ಮಾತ್ರ ನಾವು ಇದನ್ನು ಸರಿಯಾಗಿ ತಲೆಕೆಳಗು ಮಾಡುತ್ತೇವೆ.

1. ಮೊದಲು ಗೇಮ್ ಮೋಡ್ ಹಾಕಿ

ಇವತ್ತಿನ ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದುತ್ತದೆ, ಕಲೆ ಒರೆಸುತ್ತದೆ, ಅಂಚು ಚೂಪು ಮಾಡುತ್ತದೆ. ಪ್ರತಿ ಕೆಲಸಕ್ಕೂ ಒಂದಿಷ್ಟು ಸಮಯ ಬೇಕು. ಸೆಕೆಂಡಿಗೆ 60 ಚಿತ್ರ ಎಂದರೆ ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡ್. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೆ ನೀವು ಆರು ಚಿತ್ರದಷ್ಟು ಹಳೆಯದನ್ನು ನೋಡಿಕೊಂಡು ಬ್ಯಾಟ್ ಬೀಸುತ್ತಿದ್ದೀರಿ ಎಂದರ್ಥ. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಟೆನಿಸ್ ಆಡುವಾಗ ಪ್ರತಿ ಸರ್ವ್‌ನಲ್ಲೂ ಗೊತ್ತಾಗುತ್ತದೆ, ಆದರೆ ಬೈಗುಳ ಬೀಳುವುದು ರಿಮೋಟ್‌ಗೆ.

ಗೇಮ್ ಮೋಡ್ ಹಾಕಿದರೆ ಟಿವಿ ಈ ಅಲಂಕಾರದ ಬಹುಪಾಲನ್ನು ಬಿಟ್ಟು ಚಿತ್ರವನ್ನು ನೇರ ಪರದೆಗೆ ಕಳಿಸುತ್ತದೆ. ಹೊಸ ಕನ್ಸೋಲ್‌ಗಳಲ್ಲಿ ಕೆಲವು ಟಿವಿಗೆ ತಾವೇ ಸೂಚನೆ ಕೊಟ್ಟು ಇದನ್ನು ಹಾಕಿಸುತ್ತವೆ. ಹಳೆಯವಕ್ಕೆ ಆ ಬುದ್ಧಿ ಇಲ್ಲ, ನೀವೇ ಹಾಕಬೇಕು. ಸಾಮಾನ್ಯವಾಗಿ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಸೆಟ್ಟಿಂಗ್ ಬೇರೆ ಬೇರೆ ಇರುತ್ತದೆ. ಆದ್ದರಿಂದ ಕನ್ಸೋಲ್ ಚಿತ್ರ ಪರದೆ ಮೇಲಿರುವಾಗಲೇ ಬದಲಿಸಿ.

ಎಷ್ಟು ತಡವಾಗುತ್ತಿದೆ ಎಂದು ಅಳೆಯಲು ಯಂತ್ರ ಬೇಕಿಲ್ಲ. ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಸೆಕೆಂಡಿಗೆ 240 ಚಿತ್ರ ತೆಗೆಯುವಂಥದ್ದಾದರೆ ಸಾಕು. ಕೈ ಮತ್ತು ಪರದೆ ಎರಡೂ ಕಾಣುವಂತೆ ನಿಲ್ಲಿಸಿ ಒಮ್ಮೆ ರಿಮೋಟ್ ಝಾಡಿಸಿ. ಕೈ ಅಲುಗಿದ ಚಿತ್ರದಿಂದ ಬೊಂಬೆ ಅಲುಗಿದ ಚಿತ್ರದವರೆಗೆ ಎಣಿಸಿ, ನಾಲ್ಕರಿಂದ ಗುಣಿಸಿ. ಮಿಲಿಸೆಕೆಂಡ್ ಲೆಕ್ಕ ಸಿಕ್ಕಿತು. ಇದರಲ್ಲಿ ಕನ್ಸೋಲ್‌ನ ಪಾಲೂ ಸೇರಿರುತ್ತದೆ. ಹಾಗಾಗಿ ಗೇಮ್ ಮೋಡ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಎಣಿಸಿ, ವ್ಯತ್ಯಾಸ ನೋಡಿ.

2. ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿ

ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್. ಹೆಸರು ಹಲವು, ಕೆಲಸ ಒಂದೇ: ಎರಡು ಚಿತ್ರಗಳ ನಡುವೆ ಇಲ್ಲದ ಮೂರನೆಯದನ್ನು ಊಹಿಸಿ ತುರುಕುವುದು. ನಡುವಿನದನ್ನು ಊಹಿಸಬೇಕಾದರೆ ಮುಂದಿನ ಚಿತ್ರ ಬರುವವರೆಗೆ ಕಾಯಲೇಬೇಕು. ತಡವಾಗುವುದು ಅಲ್ಲೇ. ಆಟಕ್ಕೆ ಇದು ನೇರ ಶತ್ರು.

ಸಿನಿಮಾಗೂ ಮಿತ್ರನೇನಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ಅದನ್ನು ನುಣುಪು ಮಾಡಿದರೆ ಕೋಟಿಗಟ್ಟಲೆ ಖರ್ಚಿನ ಚಿತ್ರವೂ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ. ನಟ ಟಾಮ್ ಕ್ರೂಸ್ 2018ರ ಡಿಸೆಂಬರ್‌ನಲ್ಲಿ ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಜೊತೆ ವಿಡಿಯೊ ಮಾಡಿ, ಇದನ್ನು ಆಫ್ ಮಾಡಿ ಎಂದು ಜನರನ್ನು ಕೇಳಿಕೊಂಡದ್ದು ಇದಕ್ಕೇ. ಮರುವರ್ಷವೇ ಟಿವಿ ಕಂಪನಿಗಳು ಮತ್ತು ಸ್ಟುಡಿಯೊಗಳ ಒಕ್ಕೂಟ ‘ಫಿಲ್ಮ್‌ಮೇಕರ್ ಮೋಡ್’ ಪ್ರಕಟಿಸಿತು. ನಿಮ್ಮ ಟಿವಿಯಲ್ಲಿ ಅದಿದ್ದರೆ ಸಿನಿಮಾಗೆ ಅದನ್ನೇ ಇಟ್ಟುಕೊಳ್ಳಿ.

3. ಟಿವಿಗೆ ಮೊದಲು ಹಾಲ್ ಅಳೆಯಿರಿ

ಮೈಕ್ರೋಸಾಫ್ಟ್‌ನ ಕಿನೆಕ್ಟ್, ಅಂದರೆ ರಿಮೋಟ್ ಇಲ್ಲದೆ ಮೈಯ ಚಲನೆಯನ್ನೇ ನೋಡುವ ಎಕ್ಸ್‌ಬಾಕ್ಸ್ ಕ್ಯಾಮೆರಾ, 2010ರ ನವೆಂಬರ್‌ನಲ್ಲಿ ಬಂದು ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಬರೆಯಿತು. ಕೊಂಡವರಲ್ಲಿ ಎಷ್ಟೋ ಮಂದಿಗೆ ಅಡ್ಡಿಯಾದದ್ದು ಸೋಫಾ. ಒಬ್ಬರು ಆಡಲು ಸುಮಾರು 6 ಅಡಿ, ಇಬ್ಬರಾದರೆ 8 ಅಡಿ ಹಿಂದೆ ನಿಲ್ಲಬೇಕಿತ್ತು. ನಮ್ಮ ಅಪಾರ್ಟ್‌ಮೆಂಟ್‌ಗಳ ಹಾಲ್‌ನಲ್ಲಿ ಸೋಫಾ, ಟೀಪಾಯ್, ಟಿವಿ ಸ್ಟ್ಯಾಂಡ್ ಕಳೆದರೆ ಉಳಿಯುವುದೆಷ್ಟು ಎಂದು ಟೇಪು ಹಿಡಿದೇ ನೋಡಿ.

ಪರದೆಯ ಅಳತೆ ಹುಟ್ಟುವುದು ಈ ದೂರದಿಂದ. ಪರದೆಯ ಮೂಲೆಯಿಂದ ಮೂಲೆಗಿರುವ ಇಂಚಿನ ಸುಮಾರು 1.6 ಪಟ್ಟು ದೂರ ನಿಂತರೆ ಕಣ್ಣಿಗೆ ಹಿತ. 43 ಇಂಚಿಗೆ 6 ಅಡಿಗಿಂತ ತುಸು ಕಡಿಮೆ, 55ಕ್ಕೆ 7 ಅಡಿಗಿಂತ ತುಸು ಹೆಚ್ಚು. ಟಿವಿ ಮಾರುವವರು ಹೇಳದ ಇನ್ನೊಂದು ಲೆಕ್ಕವಿದೆ. 8 ಅಡಿ ದೂರದಿಂದ 55 ಇಂಚಿನ ಪರದೆ ನೋಡಿದರೆ 1080 ಗೆರೆಯ ಒಂದೊಂದು ಚುಕ್ಕೆಯೇ ಸಾಮಾನ್ಯ ಕಣ್ಣು ಬಿಡಿಸಿ ನೋಡಬಲ್ಲ ಮಿತಿಗಿಂತ ಚಿಕ್ಕದು. ಅಲ್ಲಿಂದ ಮುಂದೆ 4ಕೆ ಕೊಡುವ ಹೆಚ್ಚಿನ ಚುಕ್ಕೆಗಳು ನಿಮಗಾಗಿ ಇದ್ದರೂ ಇಲ್ಲದ ಹಾಗೆ. ಅದೇ ದೂರದಿಂದ 480 ಗೆರೆಯ ವೀ ಚೊಕ್ಕವಾಗಿ ಕಾಣುವುದು 32 ಇಂಚಿನಲ್ಲಿ. ಹೊಸ ಟಿವಿ ಬಂದ ಮೇಲೆ ಬೆಡ್‌ರೂಮು ಸೇರಿದ ಹಳೇ 32 ಇಂಚಿದ್ದರೆ ವೀಗೆ ಅದೇ ಸರಿ.

4. ತಲೆ ಎತ್ತಿ ಫ್ಯಾನ್ ನೋಡಿ, ಪಟ್ಟಿ ಕಟ್ಟಿಕೊಳ್ಳಿ

ಫ್ಯಾನ್ ಕೆಳಗೆ ನಿಂತು ಸ್ಮ್ಯಾಷ್ ಹೊಡೆಯಬೇಡಿ, ಮಕ್ಕಳನ್ನು ಮಂಚದ ಮೇಲೆ ನಿಲ್ಲಿಸಿ ಆಡಿಸಬೇಡಿ. ಮಣಿಕಟ್ಟಿನ ಪಟ್ಟಿ ಅಲಂಕಾರಕ್ಕಲ್ಲ. ವೀ ಬಂದ ತಿಂಗಳಲ್ಲೇ ಬೆವರಿದ ಕೈಗಳಿಂದ ರಿಮೋಟ್‌ಗಳು ಹಾರಿ, ಪಟ್ಟಿಯ ದಾರ ಕಿತ್ತು, ಟಿವಿಗಳು ಒಡೆದವು. ನಿಂಟೆಂಡೊ 0.6 ಮಿಲಿಮೀಟರ್ ದಾರವನ್ನು 1 ಮಿಲಿಮೀಟರ್‌ಗೆ ಏರಿಸಿ, 30 ಲಕ್ಷಕ್ಕೂ ಹೆಚ್ಚು ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಇವತ್ತಿನ ತೆಳು ಪರದೆ ಅಂದಿನದಕ್ಕಿಂತ ನಾಜೂಕು.

5. ಬಿಸಿಲು, ದೀಪ, ಗಾಜು ಮೂರನ್ನೂ ದೂರವಿಡಿ

ವೀಯಲ್ಲಿ ಟಿವಿ ಮೇಲೆ ಇಡುವ ಪಟ್ಟಿ ಏನನ್ನೂ ನೋಡುವುದಿಲ್ಲ. ಅದರಲ್ಲಿರುವುದು ನಮಗೆ ಕಾಣದ ಅತಿಗೆಂಪು ಬೆಳಕು ಬೀರುವ ಪುಟ್ಟ ದೀಪಗಳು ಮಾತ್ರ. ಕಣ್ಣಿರುವುದು ರಿಮೋಟ್‌ನ ಮೂತಿಯಲ್ಲಿ. ಎರಡು ತುದಿಯ ಬೆಳಕು ನೋಡಿ ತಾನೆಲ್ಲಿ ಗುರಿಯಿಟ್ಟಿದ್ದೇನೆ ಎಂದು ಅದು ಲೆಕ್ಕ ಹಾಕುತ್ತದೆ. ಪಟ್ಟಿ ಕೆಟ್ಟಾಗ ಎರಡು ಮೇಣದ ಬತ್ತಿ ಹಚ್ಚಿಟ್ಟು ಆಡಿದವರುಂಟು, ಕೆಲಸವೂ ಆಗುತ್ತದೆ. ಅದರ ಅರ್ಥ, ಟಿವಿ ಪಕ್ಕದ ಗೂಡಿನಲ್ಲಿ ದೇವರ ದೀಪ ಉರಿಯುತ್ತಿದ್ದರೆ ರಿಮೋಟ್ ಅದನ್ನೂ ಲೆಕ್ಕಕ್ಕೆ ಹಿಡಿದು ಗುರಿ ಎಲ್ಲೆಲ್ಲೋ ಜಿಗಿಯಬಹುದು. ಗಾಜಿನ ಟೀಪಾಯ್ ಮೇಲೆ ಬಿದ್ದ ಪ್ರತಿಬಿಂಬವೂ ಇದೇ ಕಿತಾಪತಿ ಮಾಡುತ್ತದೆ.

ಕಿನೆಕ್ಟ್ ಇದಕ್ಕಿಂತ ಸೂಕ್ಷ್ಮ. ಮೊದಲ ಮಾದರಿ ಕೋಣೆ ತುಂಬ ಅತಿಗೆಂಪು ಚುಕ್ಕೆಗಳನ್ನು ಚೆಲ್ಲಿ, ಅವು ಎಲ್ಲೆಲ್ಲಿ ಬಿದ್ದವು ಎಂಬುದರಿಂದ ದೂರ ಅಳೆಯುತ್ತಿತ್ತು. ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ಒಳಗೆ ಬಂದರೆ ಆ ಚುಕ್ಕೆಗಳು ಅದರಲ್ಲೇ ಮುಳುಗಿಹೋಗುತ್ತವೆ. ಕಿಟಕಿಯ ಪರದೆ ಎಳೆಯಿರಿ. ಟಿವಿ ಮೇಲಿನ ಹೊಳಪೂ ಹೋಗುತ್ತದೆ, ಚಿತ್ರವೂ ಗಾಢವಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಚಿತ್ರದ ಗುಣಮಟ್ಟ ಏರಿಸುವ ದಾರಿ ಇದು.

ನಿಂಟೆಂಡೊದ ನಂತರದ ಕನ್ಸೋಲ್ ಸ್ವಿಚ್‌ನ ರಿಮೋಟ್ ಆದ ಜಾಯ್‌ಕಾನ್‌ಗೆ ಈ ರಗಳೆಯಿಲ್ಲ. ಕೈ ಹೇಗೆ ತಿರುಗಿತು ಎಂಬುದನ್ನು ಅದರೊಳಗಿನ ಗೈರೊಸ್ಕೋಪ್ ತಿಳಿಯುತ್ತದೆ. ಗುರಿ ಮೆಲ್ಲಗೆ ಒಂದು ಕಡೆಗೆ ಜಾರತೊಡಗಿದರೆ ಸಮತಟ್ಟಾದ ಮೇಜಿನ ಮೇಲಿಟ್ಟು ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ.

6. ಕಿನೆಕ್ಟ್ ಮುಂದೆ ಪಂಚೆ ಬೇಡ

ಕಿನೆಕ್ಟ್‌ನ ಮೊದಲ ಮಾದರಿ ಮೈಯ 20 ಕೀಲುಗಳನ್ನು ಗುರುತಿಸಿ ಬೊಂಬೆ ಕುಣಿಸುತ್ತದೆ. ಪಂಚೆ, ಸೀರೆ, ದೊಗಳೆ ನೈಟಿಯೊಳಗೆ ಮೊಣಕಾಲು ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಅತಿಗೆಂಪು ಬೆಳಕನ್ನು ಹೀರಿಬಿಡುವ ಕೆಲವು ಕಪ್ಪು ಬಟ್ಟೆಗಳೂ ತೊಂದರೆ ಕೊಡುತ್ತವೆ.

7. ಹಳೇ ಕನ್ಸೋಲ್‌ನ ಹಳದಿ ವಯರ್ ಬಿಸಾಡಿ

ವೀ ಡಬ್ಬಿಯಲ್ಲಿ ಬರುತ್ತಿದ್ದದ್ದು ಹಳದಿ, ಕೆಂಪು, ಬಿಳಿ ಪಿನ್ನಿನ ವಯರ್. ಚಿತ್ರವೆಲ್ಲ ಆ ಒಂದೇ ಹಳದಿ ಎಳೆಯಲ್ಲಿ ಬರುವುದರಿಂದ ಬಣ್ಣ ಬಣ್ಣಕ್ಕೆ ಬೆರೆತು ಅಂಚು ಹರಡುತ್ತದೆ. ಹಸಿರು, ನೀಲಿ, ಕೆಂಪು ಪಿನ್ನಿನ ಕಾಂಪೊನೆಂಟ್ ಕೇಬಲ್ ಹಾಕಿ, ವೀ ಸೆಟ್ಟಿಂಗ್ಸ್‌ನಲ್ಲಿ 480ಪಿ ಮತ್ತು 16:9 ಆರಿಸಿದಾಗಷ್ಟೇ ಅದರ ನಿಜವಾದ ಚಿತ್ರ ಕಾಣುವುದು. ಹೊಸ ಟಿವಿಯಲ್ಲಿ ಆ ಕಿಂಡಿಯೇ ಇಲ್ಲದಿದ್ದರೆ ಎಚ್‌ಡಿಎಂಐ ಪರಿವರ್ತಕ ಸಿಗುತ್ತದೆ.

ಅದರಿಂದ ಪವಾಡ ನಿರೀಕ್ಷಿಸಬೇಡಿ. ವೀ ಕಳಿಸುವುದು 3 ಲಕ್ಷದಷ್ಟು ಚುಕ್ಕೆ, 4ಕೆ ಪರದೆಯಲ್ಲಿರುವುದು 83 ಲಕ್ಷ. ಒಂದು ಚುಕ್ಕೆಯನ್ನು ಎಳೆದು 27 ಜಾಗ ತುಂಬಿಸಬೇಕು. ‘4ಕೆ ಮಾಡುತ್ತದೆ’ ಎನ್ನುವ ಅಡಾಪ್ಟರ್ ಇಲ್ಲದ ವಿವರವನ್ನು ಎಲ್ಲಿಂದಲೂ ತರುವುದಿಲ್ಲ. ಅಟ್ಟದ ಮೇಲೆ ಕೊಳವೆಯ ಹಳೇ ಟಿವಿ ಇನ್ನೂ ಕೆಲಸ ಮಾಡುತ್ತಿದ್ದರೆ ಒಮ್ಮೆ ಇಳಿಸಿ ನೋಡಿ. ಅದರಲ್ಲಿ ತಡವೆಂಬುದು ಇಲ್ಲವೆನ್ನುವಷ್ಟು ಕಡಿಮೆ.

8. ಅಮೆರಿಕದಿಂದ ಬಂದದ್ದಾದರೆ ಅಡಾಪ್ಟರ್ ಓದಿ

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಕನ್ಸೋಲ್ ಬಂದದ್ದು ರಜೆಗೆ ಬಂದ ಅಣ್ಣನದೋ ಚಿಕ್ಕಪ್ಪನದೋ ಸೂಟ್‌ಕೇಸಿನಲ್ಲಿ. ಅಮೆರಿಕದ ವೀ ಅಡಾಪ್ಟರ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ಪಿನ್ ಬದಲಿಸಿ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಅಡಾಪ್ಟರ್ ಬೆನ್ನಿನ ಮೇಲೆ 100–240 ಎಂದು ಬರೆದಿದ್ದರೆ ಮಾತ್ರ ನೇರ ಹಾಕಿ. ಸ್ವಿಚ್‌ನದು ಹಾಗಿದೆ. ವೀ ಡಿಸ್ಕ್‌ಗಳಿಗೆ ದೇಶದ ಬೀಗವೂ ಇದೆ, ಅಮೆರಿಕದ ಯಂತ್ರಕ್ಕೆ ಯುರೋಪಿನ ಡಿಸ್ಕ್ ಆಗದು. ಸ್ವಿಚ್‌ನಲ್ಲಿ ಆ ಬೀಗವಿಲ್ಲ.

9. ವಿವಿಡ್ ಬಿಡಿ, ಕಪ್ಪು-ಬಿಳುಪು ಹಾಕಿ ನೋಡಿ

ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಎದ್ದು ಕಾಣಲೆಂದು ಇರುವ ವಿವಿಡ್ ಮೋಡ್ ಮನೆಯಲ್ಲೂ ಹಾಗೇ ಉಳಿದುಬಿಡುತ್ತದೆ. ಹುಲ್ಲು ಹಸಿರು ಬಣ್ಣ ಬಳಿದಂತೆ, ಮುಖ ಟೊಮೆಟೊ. ಬಣ್ಣದ ಚಿತ್ರ ನೋಡಿ ಇದನ್ನು ಸರಿಮಾಡುವುದು ಕಷ್ಟ. 1967ರ ‘ಬೆಳ್ಳಿಮೋಡ’ದಂಥ ಕಪ್ಪು-ಬಿಳುಪು ಸಿನಿಮಾ ಹಾಕಿ. ಬಿಳುಪು ನೀಲಿಗೆ ತಿರುಗಿದೆಯೇ? ಕಲರ್ ಟೆಂಪರೇಚರನ್ನು ‘ವಾರ್ಮ್’ಗೆ ತನ್ನಿ. ಮೊದಲ ದಿನ ಹಳದಿ ಎನಿಸುತ್ತದೆ, ಕಣ್ಣು ಬೇಗ ಒಗ್ಗುತ್ತದೆ. ನಾಯಕನ ಕರಿ ಕೋಟಿನ ಮಡಿಕೆಗಳು ಕಾಣುತ್ತಿವೆಯೇ? ಇಲ್ಲದಿದ್ದರೆ ಬ್ರೈಟ್‌ನೆಸ್ ತುಸು ಏರಿಸಿ. ಬಹಳಷ್ಟು ಟಿವಿಗಳಲ್ಲಿ ಆ ಗುಂಡಿ ತಿದ್ದುವುದು ಕಪ್ಪಿನ ಮಟ್ಟವನ್ನು, ಬೆಳಕು ಹೆಚ್ಚಿಸುವುದು ಬ್ಯಾಕ್‌ಲೈಟ್. ಮನುಷ್ಯರ ಸುತ್ತ ಬಿಳಿ ಗೆರೆ ಕಂಡರೆ ಶಾರ್ಪ್‌ನೆಸ್ ಇಳಿಸಿ, ಸೊನ್ನೆಯ ಹತ್ತಿರ ತಂದರೂ ತಪ್ಪಿಲ್ಲ. ಈ ತಿದ್ದುಪಡಿಗಳಿಂದ ತಡ ಹೆಚ್ಚದು, ಗೇಮ್ ಮೋಡ್ ಒಳಗೂ ಮಾಡಿಕೊಳ್ಳಿ.

10. ಶಬ್ದವೂ ಹೊತ್ತಿಗೆ ಬರಲಿ

ಕುಣಿತದ ಆಟಗಳಿಗೆ ಬ್ಲೂಟೂತ್ ಸ್ಪೀಕರ್ ಬೇಡ, ತಾಳ ತಪ್ಪುತ್ತದೆ. ವಯರ್ ಇರುವ ಸ್ಪೀಕರ್ ಇಲ್ಲವೇ ಟಿವಿಯದೇ ಸದ್ದು ಸಾಕು. ಆಟದಲ್ಲಿ ಕ್ಯಾಲಿಬ್ರೇಷನ್ ಇದ್ದರೆ ಮೊದಲು ಅದನ್ನು ಮಾಡಿ.

11. ಮಣಿಕಟ್ಟಿನಲ್ಲಿ ಆಡಿ, ಕೆಳಮನೆಯವರನ್ನೂ ನೆನೆಯಿರಿ

2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸ್ಪೇನ್‌ನಿಂದ ಒಂದು ಪುಟ್ಟ ಪತ್ರ ಪ್ರಕಟವಾಯಿತು. 29 ವರ್ಷದ ಒಬ್ಬ ಕಿರಿಯ ವೈದ್ಯರು ಗಂಟೆಗಟ್ಟಲೆ ವೀ ಟೆನಿಸ್ ಆಡಿ ಮರುದಿನ ಬಲ ಭುಜ ಹಿಡಿದುಕೊಂಡು ಎದ್ದ ಕಥೆ. ಚಿಕಿತ್ಸೆ: ಒಂದು ವಾರ ನೋವಿನ ಮಾತ್ರೆ, ಆಟಕ್ಕೆ ರಜೆ. ನಿಜವಾದ ರ್‍ಯಾಕೆಟ್ಟಿಗೆ ಚೆಂಡು ತಾಗಿ ಕೈಯನ್ನು ತಡೆಯುತ್ತದೆ. ಇಲ್ಲಿ ತಡೆಯುವುದು ಏನೂ ಇಲ್ಲ, ಬೀಸಿದ ಭಾರವೆಲ್ಲ ಕೀಲಿಗೆ. ವೀ ಸ್ಪೋರ್ಟ್ಸ್ ಟೆನಿಸ್‌ಗೆ ಮಣಿಕಟ್ಟಿನ ಸಣ್ಣ ಝಾಡಿಕೆ ಸಾಕು. ಕಪಿಲ್ ದೇವ್ ಆಗುವುದು ಬೇಡ.

ಅಪಾರ್ಟ್‌ಮೆಂಟ್‌ನಲ್ಲಿ ಸ್ವಿಚ್‌ನ ‘ರಿಂಗ್ ಫಿಟ್ ಅಡ್ವೆಂಚರ್’ ಆಡುವವರು ಅದರ ಕ್ವಯಟ್ ಮೋಡ್ ಹಾಕಿಕೊಳ್ಳಲಿ. ಓಡುವ ಬದಲು ಮೊಣಕಾಲು ಬಗ್ಗಿಸಿ ಎದ್ದರೆ ಆಟ ಮುಂದೆ ಸಾಗುತ್ತದೆ, ಕೆಳಮನೆಯವರು ಬಾಗಿಲು ಬಡಿಯುವುದಿಲ್ಲ.

12. ಕೊಳ್ಳುವ ಮುನ್ನ

ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿದೆ, ಈಗ ಸಿಗುವುದು ಸೆಕೆಂಡ್ ಹ್ಯಾಂಡ್. ಹಾಲ್‌ನಲ್ಲಿ 8 ಅಡಿ ಖಾಲಿ ಜಾಗ ಇದ್ದವರಿಗಷ್ಟೇ ಅದು ಸರಿ. ಮಿಕ್ಕವರಿಗೆ ಸ್ವಿಚ್. 2017ರ ಸ್ವಿಚ್ ಟಿವಿಗೆ ಕೊಡುವುದು ಹೆಚ್ಚೆಂದರೆ 1080 ಗೆರೆ. ಅದಕ್ಕಾಗಿ 120 ಹರ್ಟ್ಸ್‌ನ ಟಿವಿಯೂ ಬೇಡ, ಚಿನ್ನದ ಲೇಪದ ಕೇಬಲ್ಲೂ ಬೇಡ. 2025ರ ಸ್ವಿಚ್ 2 ಮಾತ್ರ ಟಿವಿಗೆ 4ಕೆ ಕಳಿಸಬಲ್ಲದು. ಶೋರೂಮಿಗೆ ಹೋದಾಗ ಟಿವಿಯನ್ನು ಸ್ಟೋರ್ ಮೋಡ್‌ನಿಂದ ಹೋಮ್ ಮೋಡ್‌ಗೆ ಹಾಕಿಸಿ, ಮೆನುವಿನಲ್ಲಿ ಗೇಮ್ ಮೋಡ್ ತೋರಿಸಿ ಎಂದು ಕೇಳಿ. ತೋರಿಸಲಾಗದ ಟಿವಿ ಎಷ್ಟೇ ರಿಯಾಯಿತಿಯಲ್ಲಿ ಸಿಕ್ಕರೂ ತರಬೇಡಿ.