ನಮ್ಮ ಹಿತ್ತಲಿಗೆ ನಮ್ಮ ಮರ

ನಮ್ಮ ಕೇರಿಯಲ್ಲಿ ಹನ್ನೆರಡು ಮನೆ. ಹಿಂದೆ ಎಲ್ಲರ ಹಿತ್ತಲಲ್ಲೂ ಒಂದೊಂದು ಮರ ಇತ್ತು. ಒಂದು ಮನೆಯಲ್ಲಿ ನುಗ್ಗೆ. ಇನ್ನೊಂದು ಮನೆಯಲ್ಲಿ ಹೊಂಗೆ. ಮತ್ತೊಂದು ಮನೆಯಲ್ಲಿ ಬೇವು. ಮನೆ ಕಟ್ಟುವಾಗ ಕೆಲವನ್ನು ಕಡಿದೆವು. ಸೌದೆಗೆ ಕೆಲವನ್ನು ಕಡಿದೆವು. ಹೊಸದಾಗಿ ಒಂದನ್ನೂ ನೆಡಲಿಲ್ಲ.

ಬೇಸಿಗೆ ಬಂತು. ಶೀಟಿನ ಮನೆ ಕಾದ ಹೆಂಚಿನ ಹಾಗೆ ಆಯಿತು. ಮಗುವನ್ನು ಮಲಗಿಸಲು ನೆರಳಿಲ್ಲ. ಕರುವನ್ನು ಕಟ್ಟಲು ನೆರಳಿಲ್ಲ. ಒಗ್ಗರಣೆಯ ಕರಿಬೇವಿಗೂ ಅಂಗಡಿಗೆ ಕಾಸು ಕೊಡಬೇಕು.

ಒಂದು ರಾತ್ರಿ ತರಗತಿಯಲ್ಲಿ ‘ಮರ’ ಎಂದು ಬರೆಯಲು ಕಲಿತೆವು. ಆಗ ಕೇರಿಯ ಅಜ್ಜಿ ಕೇಳಿದಳು:

“ಸ್ಲೇಟಿನ ಮೇಲೆ ಮರ ಬರೆದ್ರಿ. ಹಿತ್ತಲಲ್ಲಿ ಎಲ್ಲೈತ್ರವ್ವ?”

ನಮಗೆ ನಗು ಬಂತು. ಆಮೇಲೆ ನಾಚಿಕೆಯೂ ಆಯಿತು.

ನೀರು ಎಲ್ಲಿಂದ ತರೋದು?

“ಕುಡಿಯೋಕೇ ನೀರಿಲ್ಲ. ಗಿಡಕ್ಕೆ ಯಾರು ಹೊರ್ತಾರೆ?” ಎಂದಳು ಒಬ್ಬಳು. ಮಾತು ನಿಜ. ನೀರು ಹೊರುವವರು ನಾವೇ.

ಆಗ ಸಾಲುಮರದ ತಿಮ್ಮಕ್ಕನ ಮಾತು ಬಂತು. ಮಾಗಡಿ ತಾಲ್ಲೂಕಿನ ಹುಲಿಕಲ್ ಅವರ ಊರು. ಅವರು ಶಾಲೆ ಕಲಿತವರಲ್ಲ. ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು, ರಸ್ತೆ ಬದಿಯಲ್ಲಿ ನೂರಾರು ಆಲದ ಮರ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾವು ಅಷ್ಟು ದೂರ ಹೊರಬೇಕಿಲ್ಲ. ನಮ್ಮ ಬಚ್ಚಲ ನೀರು ಅಂಗಳದಲ್ಲೇ ನಿಂತು ಸೊಳ್ಳೆ ಆಗುತ್ತಿತ್ತು. ಅದಕ್ಕೆ ಸಣ್ಣ ಕಾಲುವೆ ತೋಡಿ ಗಿಡದ ಕಡೆ ತಿರುಗಿಸಿದೆವು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರೂ ಗಿಡಕ್ಕೇ ಹೋಯಿತು. ಸೋಪಿನ ಪುಡಿ ಹೆಚ್ಚಾಗಿರುವ ಬಟ್ಟೆ ನೀರು ಮಾತ್ರ ಹಾಕಲಿಲ್ಲ.

ಯಾವ ಮರ ನೆಡೋದು?

ನಮ್ಮ ನಾಡಿನ ಮರಕ್ಕೆ ನಮ್ಮ ಮಳೆ ಗೊತ್ತು, ನಮ್ಮ ಬಿಸಿಲು ಗೊತ್ತು. ಎರಡು ಮೂರು ವರ್ಷ ನೋಡಿಕೊಂಡರೆ ಬೇರು ಆಳಕ್ಕೆ ಇಳಿಯುತ್ತದೆ. ಹಕ್ಕಿಗೆ ಹಣ್ಣು, ಜೇನಿಗೆ ಹೂವು ಸಿಗುತ್ತದೆ.

ನೀಲಗಿರಿ ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ. ಆದರೆ ನೆಲದ ನೀರನ್ನು ಬಹಳ ಎಳೆಯುತ್ತದೆ. ಹೊಸದಾಗಿ ನೀಲಗಿರಿ ನೆಡಬಾರದು ಎಂದು ಕರ್ನಾಟಕ ಸರ್ಕಾರ 2017ರಲ್ಲಿ ಆದೇಶ ಮಾಡಿತು.

ಆಲ ನಮ್ಮದೇ ಮರ. ಆದರೆ ರಸ್ತೆ ಬದಿಗೆ ಸರಿ, ಮನೆ ಪಕ್ಕಕ್ಕೆ ಬೇಡ. ಅದರ ಬೇರು ಗೋಡೆ ಸೀಳುತ್ತದೆ.

ನಾವು ಆರಿಸಿದ್ದು ಇವು:

ನುಗ್ಗೆ – ಮೂರು ನಾಲ್ಕು ಅಡಿ ಕೊಂಬೆ ನೆಟ್ಟರೂ ಚಿಗುರುತ್ತದೆ. ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಕೊಂಬೆ ಬೇಗ ಮುರಿಯುತ್ತದೆ. ಮಕ್ಕಳನ್ನು ಹತ್ತಿಸಬೇಡಿ.

ನೆಲ್ಲಿ – ನುಗ್ಗೆ ಸೊಪ್ಪಿನ ಜೊತೆ ನೆಲ್ಲಿಕಾಯಿ ತಿಂದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೂ ಬಸುರಿಯರು ಆಸ್ಪತ್ರೆಯ ಮಾತ್ರೆ ಬಿಡಬಾರದು.

ಕರಿಬೇವು – ಸಣ್ಣ ಜಾಗ ಸಾಕು. ಹಣ್ಣಾದ ಬೀಜವನ್ನು ಹಸಿಯಾಗಿದ್ದಾಗಲೇ ಹಾಕಬೇಕು.

ಹೊಂಗೆ – ಯುಗಾದಿ ಹೊತ್ತಿಗೆ ಹೊಸ ಎಲೆ ಬಿಡುತ್ತದೆ. ಸುಡುವ ಬಿಸಿಲಿಗೆ ತಂಪು ನೆರಳು. ಸೊಪ್ಪು, ಹಿಂಡಿ ಹೊಲಕ್ಕೆ ಗೊಬ್ಬರ.

ನೆಟ್ಟಿದ್ದು ಹೇಗೆ?

ಮಳೆಗೆ ಮುಂಚೆ ಎರಡು ಅಡಿ ಅಗಲ, ಎರಡು ಅಡಿ ಆಳ ಗುಂಡಿ ತೆಗೆದೆವು. ಕೆಲವು ದಿನ ಬಿಸಿಲಿಗೆ ಬಿಟ್ಟೆವು. ಮೇಲ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಒಳ್ಳೆ ಮಳೆ ಬಿದ್ದ ಮೇಲೆ, ಪ್ಲಾಸ್ಟಿಕ್ ಚೀಲ ಹರಿದು ತೆಗೆದು ಸಸಿ ನೆಟ್ಟೆವು. ಸುತ್ತ ಮುಳ್ಳಿನ ಬೇಲಿ ಕಟ್ಟಿದೆವು. ಬುಡಕ್ಕೆ ಒಣ ಎಲೆ ಹೊದಿಸಿದೆವು.

ಒಂದು ಮನೆಯ ಯಜಮಾನ ಒಪ್ಪಲಿಲ್ಲ. “ಗೋಡೆ ಬಿರುಕು ಬಿಡ್ತದೆ, ಬೇಡ” ಅಂದ. ಅವನ ಹೆಂಡತಿ ಜಗಳ ಆಡಲಿಲ್ಲ. ಹಗ್ಗ ತಂದಳು. ಗೋಡೆಯಿಂದ ಹದಿನೈದು ಅಡಿ ಅಳೆದಳು. “ಹೊಂಗೆ ಇಲ್ಲಿ ಇರಲಿ. ಗೋಡೆ ಅಲ್ಲಿ ಇರಲಿ” ಅಂದಳು. ಗುಂಡಿಯನ್ನು ಅವನೇ ತೋಡಿದ!

ಮೊದಲ ವರ್ಷ ಹನ್ನೆರಡು ಸಸಿಯಲ್ಲಿ ನಾಲ್ಕು ಹೋದವು. ಎರಡನ್ನು ಆಡು ತಿಂದಿತು. ಬೇಲಿ ಸಡಿಲ ಇತ್ತು. ಇನ್ನೆರಡು ಒಣಗಿದವು. ನಾವು ಮದುವೆಗೆ ಹೋದಾಗ ನೀರು ಹಾಕಲು ಯಾರಿಗೂ ಹೇಳಿರಲಿಲ್ಲ. ಮುಂದಿನ ಮಳೆಗೆ ಆ ನಾಲ್ಕನ್ನೂ ಮತ್ತೆ ನೆಟ್ಟೆವು. ಈಗ ಊರಿಗೆ ಹೋಗುವವರು ಪಕ್ಕದ ಮನೆಗೆ ಹೇಳಿ ಹೋಗುತ್ತಾರೆ.

ನುಗ್ಗೆ ಕಾಯಿ ಬಿಟ್ಟಿದೆ. ಹೊಂಗೆ ಇನ್ನೂ ನಮ್ಮ ಎತ್ತರಕ್ಕೆ ಬಂದಿದೆ, ಅಷ್ಟೆ. ಅಜ್ಜಿ ದಿನಾ ಅದನ್ನು ಮುಟ್ಟಿ ನೋಡುತ್ತಾಳೆ. “ಇದರ ನೆರಳು ನನಗೆ ಸಿಗಾಕಿಲ್ಲ. ಮೊಮ್ಮಗಳಿಗೆ ಸಿಗ್ತದೆ, ಬಿಡು” ಅನ್ನುತ್ತಾಳೆ.

ನಾವು ಈಗ ಸ್ಲೇಟಿನ ಮೇಲೂ ‘ಮರ’ ಬರೆಯುತ್ತೇವೆ. ಹಿತ್ತಲಲ್ಲೂ ಮರ ಇದೆ.

ಓದಿ, ಬರೆಯಿರಿ: ಹಿತ್ತಲು, ಹೊಂಗೆ, ನುಗ್ಗೆ, ನೆಲ್ಲಿ, ಗೊಬ್ಬರ, ಬಚ್ಚಲು

ಉತ್ತರ ಹೇಳಿ:
1. ಅಜ್ಜಿ ಏನು ಕೇಳಿದಳು?
2. ನಾಲ್ಕು ಸಸಿಗಳು ಏಕೆ ಹೋದವು?
3. ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಮಾಡಿ ನೋಡಿ: ನಿಮ್ಮ ಹಿತ್ತಲನ್ನು ಹಗ್ಗದಿಂದ ಅಳೆಯಿರಿ. ಅಲ್ಲಿ ಯಾವ ಮರ ನೆಡಬಹುದು? ಅದರ ಹೆಸರು ಬರೆಯಿರಿ. ಕೆಳಗೆ ನಿಮ್ಮ ಹೆಸರೂ ಬರೆಯಿರಿ.